ತುದಿಯಿಂದ ಪಾರ್ಟಿಷನ್ ಹಾಕುತ್ತಿದ್ದ ಕಾಕಾ

ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಮೊದಲು ಹಾಳೆಯ ಮೇಲೆ ಫುಟ್‌ಪಟ್ಟಿ ಇಟ್ಟು ಗೆರೆ ಎಳೆಯುತ್ತಿದ್ದ ಮನುಷ್ಯರನ್ನು ನಾನು ಈವರೆಗೆ ಒಬ್ಬರನ್ನೇ ನೋಡಿದ್ದೇನೆ. ಶಹಾಪುರದ ಕಾಲುವೆ ಕಚೇರಿಯಲ್ಲಿ ಅವರು ಖಲಾಸಿ. ಖಲಾಸಿ ಅಂದರೆ ಸರ್ವೆಗೆ ಹೊರಟ ಎಂಜಿನಿಯರ್ ಸಾಹೇಬರ ಹಿಂದೆ ಸಾಮಾನು ಹೊತ್ತು ನಡೆಯುವವರು, ಬಿಸಿಲಿನಲ್ಲಿ ಅಳತೆಯ ಕೋಲು ಹಿಡಿದು ನೆಟ್ಟಗೆ ನಿಲ್ಲುವವರು. ನಾನು ಯಾದಗಿರಿಯಲ್ಲಿ ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ, ಕರಾರಿನ ಮೇಲೆ ಟೈಪಿಂಗ್ ಕೆಲಸಕ್ಕೆಂದು ಆ ಕಚೇರಿ ಸೇರಿದವಳು. ಸರ್ಟಿಫಿಕೇಟು ನನ್ನ ಬಳಿ ಇತ್ತು, ವಿದ್ಯೆ ಅವರ ಬಳಿ ಇತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಒಂದು ವರ್ಷ ಹಿಡಿಯಿತು.

ಹೋದ ತಿಂಗಳು ನಿಂಗಮ್ಮ ಫೋನ್ ಮಾಡಿ, "ಕಾಕಾ ಹೋದ್ರು ನೋಡವ್ವ, ಮಣ್ಣಿಗಿ ಹೋಗಿ ಬಂದೆ" ಎಂದಳು. ನಿಂಗಮ್ಮ ಕಾಲುವೆಯ ಕೊನೆಯ ಊರಿನವಳು, ಆಕೆಯ ವಿಷಯ ಮುಂದೆ ಬರುತ್ತದೆ. ಕಾಕಾನ ಹೆಸರು ಇಲ್ಲಿ ಬರೆಯುವುದಿಲ್ಲ. ಕಚೇರಿಯಲ್ಲೂ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಸಿಪಾಯಿಯಿಂದ ಸಾಹೇಬರವರೆಗೆ ಎಲ್ಲರಿಗೂ ಅವರು ಕಾಕಾ.

ನೋಡಲು ಉದ್ದ, ತೆಳ್ಳಗೆ. ಇಪ್ಪತ್ತು ವರ್ಷ ಕೋಲಿನ ಜೊತೆ ನಿಂತ ಬೆನ್ನು ಕೊನೆಯವರೆಗೂ ಬಾಗಲಿಲ್ಲ. ಕುರ್ಚಿಯಲ್ಲಿ ಕೂತರೂ ನಿಂತ ಹಾಗೆಯೇ ಕಾಣುತ್ತಿದ್ದರು. ಮನೆಯಲ್ಲಿ ದಖ್ಖನಿ, ಕಚೇರಿಯಲ್ಲಿ ಕನ್ನಡ, ಸಾಹೇಬರ ಎದುರು ಮೌನ. ಒಂದು ಪ್ರಶ್ನೆ ಕೇಳಿದರೆ ಅದಕ್ಕೆ ಉತ್ತರ ಬರುವ ತನಕ ಇನ್ನೊಂದು ಮಾತು ಆಡುತ್ತಿರಲಿಲ್ಲ. ಸುಮ್ಮನೆ ನಿಮ್ಮ ಮುಖ ನೋಡುತ್ತ ಕಾಯುತ್ತಿದ್ದರು. ನನ್ನಂಥ ಬಾಯಿಬಡುಕಿಗೆ ಆ ಕಾಯುವಿಕೆ ಬೈಗುಳಕ್ಕಿಂತ ಹೆಚ್ಚು ತ್ರಾಸು ಕೊಡುತ್ತಿತ್ತು.

ಕಂಪ್ಯೂಟರು ಅವರ ಕೈಗೆ ಬಂದದ್ದು ಧೂಳು ಒರೆಸುವ ನೆಪದಲ್ಲಿ. ಕಚೇರಿಗೆ ಮೊದಲ ಕಂಪ್ಯೂಟರು ಬಂದಾಗ ಮುಟ್ಟಿದರೆ ಕೆಟ್ಟೀತೆಂದು ಯಾರೂ ಹತ್ತಿರ ಹೋಗಲಿಲ್ಲವಂತೆ. ಸರ್ವೆ ಕೆಲಸ ಅಷ್ಟರಲ್ಲಿ ಮುಗಿಯುತ್ತ ಬಂದಿತ್ತು, ಕೋಲು ಮೂಲೆ ಸೇರಿತ್ತು. ಸಾಹೇಬರು ಕಾಕಾನಿಗೆ, ದಿನಾ ಒರೆಸಿ ಬಟ್ಟೆ ಹೊದಿಸುವ ಕೆಲಸ ಕೊಟ್ಟರು. ಕಾಕಾ ಒರೆಸುತ್ತ ಒರೆಸುತ್ತ ಆಪರೇಟರನ ಹಿಂದೆ ನಿಂತು ನೋಡಿದರು. ಆಪರೇಟರ್ ವರ್ಗವಾಗಿ ಹೋದ ದಿನ ಬಟ್ಟೆ ತೆಗೆದು ತಾವೇ ಕೂತರು.

"ಹ್ಯಾಂಗ ಕಲಿತ್ರಿ ಕಾಕಾ?" ಎಂದು ನಾನು ಒಮ್ಮೆ ಕೇಳಿದ್ದೆ.

"ಸರ್ವೆದಾಗ ಸಾಹೇಬ ದುರ್ಬೀನು ಹಚ್ಚಿ ನನ್ನ ಕೋಲು ನೋಡ್ತಾನ. ನಾ ಸಾಹೇಬನ ಕೈ ನೋಡ್ತೀನಿ. ಅಂವಗ ನಾ ಕಾಣಂಗಿಲ್ಲ, ಕೋಲು ಅಷ್ಟ ಕಾಣ್ತದ. ಇಪ್ಪತ್ತು ವರ್ಷ ಕೈ ನೋಡೀನಿ ತಂಗಿ. ಕೈ ನೋಡಿದ್ರ ಕೆಲಸ ಬರ್ತದ."

ಲಿನಕ್ಸ್ ಬಂದದ್ದು ವೈರಸ್ಸಿನ ಕಾಟದಿಂದ. ಯಾವ ಕಚೇರಿಯ ಪೆನ್‌ಡ್ರೈವ್ ಬಂದರೂ ಜೊತೆಗೆ ಒಂದು ರೋಗ ಬರುತ್ತಿತ್ತು. ಎರಡು ಸಲ ಕಚೇರಿಯ ಪತ್ರಗಳೆಲ್ಲ ಮಾಯವಾದ ಮೇಲೆ ಕಾಕಾ ಸುರಪುರದ ಕಾಲೇಜಿನ ಮೇಷ್ಟ್ರೊಬ್ಬರಿಂದ, ವೈರಸ್ಸು ಸುಲಭಕ್ಕೆ ತಾಗದ ಲಿನಕ್ಸ್ ವ್ಯವಸ್ಥೆಯ ಸಿಡಿ ತಂದರು, ಹಾಕಿಯೂ ಬಿಟ್ಟರು. ಅವರಿಗೆ ಇಂಗ್ಲಿಷ್ ಕೂಡಿಸಿ ಓದುವಷ್ಟು ಬರುತ್ತಿತ್ತು. ಪರದೆಯ ಮೇಲೆ ಬರುವ ಮಾತುಗಳನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು, ಎದುರಿಗೆ ತಮಗೆ ಬೇಕಾದ ಅರ್ಥ ಬರೆದುಕೊಂಡಿದ್ದರು. 'ಕಂಟಿನ್ಯೂ' ಎಂಬುದರ ಎದುರು 'ಮುಂದ', 'ಗೋ ಬ್ಯಾಕ್' ಎಂಬುದರ ಎದುರು 'ಹಿಂದ', 'ಇರೇಸ್' ಎಂಬುದರ ಎದುರು ಕೆಂಪು ಶಾಯಿಯಲ್ಲಿ 'ಕೈ ತೆಗಿ'. ಅದಕ್ಕಿಂತ ಒಳ್ಳೆಯ ನಿಘಂಟನ್ನು ನಾನು ಇನ್ನೂ ಕಂಡಿಲ್ಲ.

ಪಾರ್ಟಿಷನ್ ಅಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡು ಮಾತು. ಕಂಪ್ಯೂಟರಿನ ಹಾರ್ಡ್ ಡಿಸ್ಕು ಒಂದೇ ದೊಡ್ಡ ಹೊಲ. ಅದನ್ನು ಹಾಗೇ ಇಟ್ಟುಕೊಳ್ಳಬಹುದು, ಇಲ್ಲವೇ ಬದು ಹಾಕಿ ತುಂಡು ಮಾಡಬಹುದು. ಲಿನಕ್ಸ್ ಹಾಕುವಾಗ ಸಾಮಾನ್ಯವಾಗಿ ಮೂರು ತುಂಡು: ಮೊದಲನೆಯದು ಯಂತ್ರ ನಡೆಸುವ ವ್ಯವಸ್ಥೆಗೆ, ಅದಕ್ಕೆ ರೂಟ್ ಎನ್ನುತ್ತಾರೆ; ಎರಡನೆಯದು ಸಣ್ಣದು, ಯಂತ್ರದ ನೆನಪು ಸಾಲದಾದಾಗ ಬಳಸಲು, ಅದು ಸ್ವಾಪ್; ಮೂರನೆಯದು ಜನ ಬರೆದಿಟ್ಟ ಕಾಗದ ಪತ್ರಗಳಿಗೆ, ಅದು ಹೋಮ್. ಹೋಮ್ ಬೇರೆ ಇದ್ದರೆ ವ್ಯವಸ್ಥೆ ಕೆಟ್ಟು ಹೊಸದಾಗಿ ಹಾಕಬೇಕಾದಾಗಲೂ ಜನರ ಕಾಗದಕ್ಕೆ ಧಕ್ಕೆ ಇಲ್ಲ. ಇಷ್ಟು ಪುಸ್ತಕದಲ್ಲೂ ಇದೆ. ಎಲ್ಲರೂ ರೂಟ್‌ನಿಂದ ಶುರುಮಾಡಿ, ಉಳಿದ ಜಾಗವನ್ನು ಹೋಮ್‌ಗೆ ಬಿಡುತ್ತಾರೆ. ನಾನೂ ಹಾಗೇ ಕಲಿತಿದ್ದೆ.

ಕಾಕಾ ಉಲ್ಟಾ. ಮೊದಲು ಹಳೆಯ ಅಳತೆ ಪುಸ್ತಕದಲ್ಲಿ ಡಿಸ್ಕನ್ನು ಒಂದು ಉದ್ದ ಗೆರೆಯಾಗಿ ಎಳೆಯುತ್ತಿದ್ದರು, ಕಾಲುವೆಯ ನಕ್ಷೆ ಎಳೆಯುವ ಹಾಗೆ. ಎಡಕ್ಕೆ ಹೆಡ್, ಬಲಕ್ಕೆ ಟೇಲ್. ಆಮೇಲೆ ಪರದೆಯಲ್ಲಿ 'ಈ ತುಂಡು ಶುರುವಿನಲ್ಲಿ ಬೇಕೋ ಕೊನೆಯಲ್ಲಿ ಬೇಕೋ' ಎಂದು ಕೇಳಿದಾಗ 'ಕೊನೆ' ಒತ್ತಿ, ಮೊದಲು ಹೋಮ್ ಕಟ್ಟುತ್ತಿದ್ದರು. ಎಷ್ಟನೇ ನಂಬರಿನಿಂದ ಎಷ್ಟನೇ ನಂಬರಿಗೆ ಎಂದು ಪುಸ್ತಕದಲ್ಲಿ ಬರೆದ ಮೇಲೆಯೇ ರೂಟ್‌ಗೆ ಬರುತ್ತಿದ್ದರು.

"ಇದ್ಯಾಕ ಹಿಂದ ಮುಂದ?" ಎಂದೆ.

"ಟೇಲ್‌ನವರದು ಮೊದಲು ಕಟ್ಟಿಬಿಡಬೇಕು ತಂಗಿ. ಹೆಡ್‌ನವರಿಗಿ ಎಷ್ಟ ಕೊಟ್ರೂ ಸಾಲಂಗಿಲ್ಲ. ಉಳದದ್ದರಾಗ ಇರ್ಲಿ, ಕಲೀತಾರ."

ಕಾಲುವೆಯ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಶುರುವಾಗುವ ಕಡೆ ಹೆಡ್, ಮುಗಿಯುವ ಕಡೆ ಟೇಲ್. ಭತ್ತ ಹಚ್ಚಬಾರದೆಂದು ನಿಯಮವಿದ್ದರೂ ಹೆಡ್‌ನ ಊರುಗಳಲ್ಲಿ ಕಣ್ಣು ಹಾಯುವಷ್ಟು ಭತ್ತ. ಟೇಲ್‌ನ ಊರುಗಳಲ್ಲಿ ಸಿಮೆಂಟಿನ ಒಣ ಕಾಲುವೆ, ಅದರೊಳಗೆ ಆಡು ಮೇಯುತ್ತಿರುತ್ತವೆ.

ಅವರ ಇನ್ನೊಂದು ಕಟ್ಟಳೆ ನನ್ನ ಸಹನೆ ಕೆಡಿಸುತ್ತಿತ್ತು. ಒಬ್ಬರೇ ಕೂತು ಪಾರ್ಟಿಷನ್ ಹಾಕುವಂತಿಲ್ಲ. ಸರ್ವೆಯಲ್ಲಿ ಒಬ್ಬರು ಅಳತೆ ಓದಿ ಕೂಗುತ್ತಾರೆ, ಬರೆಯುವವರು ಅದನ್ನು ತಿರುಗಿ ಹೇಳಿ ಬರೆಯುತ್ತಾರೆ. ಕಾಕಾ ಅದನ್ನೇ ಇಲ್ಲಿಗೂ ತಂದಿದ್ದರು. ಒಬ್ಬರು ಪರದೆಯ ಮೇಲಿನ ನಂಬರು ಓದಬೇಕು, ಇನ್ನೊಬ್ಬರು ತಿರುಗಿ ಹೇಳಿ ಪುಸ್ತಕದಲ್ಲಿ ಗುರುತು ಹಾಕಬೇಕು. ಕೊನೆಗೆ, ಬದಲಾವಣೆಗಳನ್ನು ಡಿಸ್ಕಿನ ಮೇಲೆ ಬರೆಯಬಹುದೇ ಎಂದು ಯಂತ್ರ ಕೇಳಿದಾಗ ಕಾಕಾ ಜೋರಾಗಿ "ಬರೀಲ್ಯಾ?" ಎನ್ನುತ್ತಿದ್ದರು. ಜೊತೆಗಿದ್ದವರು "ಬರಿ" ಎನ್ನದೆ ಅವರ ಬೆರಳು ಇಳಿಯುತ್ತಿರಲಿಲ್ಲ.

ಒಮ್ಮೆ ಯಾದಗಿರಿಯಿಂದ ಬಂದಿದ್ದ ದೊಡ್ಡ ಸಾಹೇಬರು ತಮ್ಮ ಲ್ಯಾಪ್‌ಟಾಪಿಗೂ ಲಿನಕ್ಸ್ ಹಾಕಿಸಲು ಕೂತಿದ್ದರು. ನಾನು ರಜೆಯ ಮೇಲಿದ್ದೆ. ಓದಲು ಯಾರೂ ಸಿಗದೆ, ಕಾಕಾ ಸಾಹೇಬರನ್ನು ಕುರ್ಚಿಯಲ್ಲೇ ಬಿಟ್ಟು ಎದುರಿನ ಹೋಟೆಲಿನ ಚಹಾದವನನ್ನು ಕರೆತಂದರಂತೆ. ಸಾಹೇಬರು, "ನಾನೇ ಓದಲೇನಪ್ಪಾ?" ಎಂದರೆ, ಕಾಕಾ, "ಬ್ಯಾಡ್ರಿ, ನೀವು ಗಡಬಡಿ ಮಾಡ್ತೀರಿ" ಎಂದರಂತೆ. ಚಹಾದವನು ಗ್ಲಾಸುಗಳ ಜಾಲರಿ ಕೈಯಲ್ಲಿ ಹಿಡಿದುಕೊಂಡೇ ಅಂಕಿಗಳನ್ನು ಓದಿ, ಕೊನೆಗೆ "ಬರಿ" ಎಂದು ಅಪ್ಪಣೆ ಕೊಟ್ಟು ಹೋದ. ಸಾಹೇಬರ ಲ್ಯಾಪ್‌ಟಾಪು ಚಲೋ ನಡೆಯಿತು.

ಇನ್ನು ನಿಂಗಮ್ಮ. ಕಾಲುವೆಯ ಕೊನೆಯ ತೂಬಿನ ಹತ್ತಿರ ಕಲ್ಲಿನ ಮೇಲೆ ಇಂಚುಗಳ ಗುರುತು ಬರೆದ ಗೇಜು ಇರುತ್ತದೆ. ದಿನಾ ಬೆಳಿಗ್ಗೆ ಅಲ್ಲಿಗೆ ನಡೆದು, ನೀರು ಎಷ್ಟಿದೆ ಎಂದು ನೋಡಿ ವಹಿಯಲ್ಲಿ ಬರೆಯುವುದು ಆಕೆಯ ಕೆಲಸ. ಹೆಚ್ಚಿನ ದಿನ ಸೊನ್ನೆ. ಸೊನ್ನೆ ಬರೆಯಲು ಆಕೆ ಎರಡು ಮೈಲಿ ನಡೆಯುತ್ತಿದ್ದಳು. ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದು ನನ್ನ ಎದುರು ಕೂತು ಓದುವಳು, ನಾನು ಟೈಪು ಮಾಡುವೆ. ಹದಿನೈದು ದಿನಕ್ಕೊಂದು ಫೈಲು. ಹೀಗೆ ಮೂರು ವರ್ಷದ ಅಳತೆ ಕಂಪ್ಯೂಟರಿನಲ್ಲಿ ಕೂಡಿತ್ತು. ಮೊದಲೆರಡು ವರ್ಷದ ವಹಿಗಳನ್ನು ಕಚೇರಿಯ ಸ್ಟೋರಿನಲ್ಲಿ ಗೆದ್ದಲು ತಿಂದಿತ್ತು, ಹಾಗಾಗಿ ಕಂಪ್ಯೂಟರಿನಲ್ಲಿದ್ದದ್ದೇ ಉಳಿದದ್ದು.

ಅದರ ಬೆಲೆ ಗೊತ್ತಾದದ್ದು ವಿಚಾರಣೆಯ ಸುದ್ದಿ ಬಂದಾಗ. ನೀರೇ ಬರುವುದಿಲ್ಲವೆಂದು ಟೇಲ್‌ನ ಊರಿನವರು ಅರ್ಜಿ ಕೊಟ್ಟಿದ್ದರು. ಪ್ರತಿ ಪಾಳಿಗೂ ಕೊನೆಯವರೆಗೆ ನೀರು ಮುಟ್ಟಿದೆ, ಇವರಿಗೆ ಬಳಸಲು ಬರುವುದಿಲ್ಲ ಎಂದು ಹೆಡ್‌ನವರ ವಾದ. ಮೇಲಿನ ಕಚೇರಿಯ ಸಾಹೇಬರು ಖುದ್ದು ಬಂದು, ದಾಖಲೆ ನೋಡಿ, ಮುಂದಿನ ಹಂಗಾಮಿನ ಪಾಳಿ ತೀರ್ಮಾನಿಸುವವರಿದ್ದರು. ನಿಂಗಮ್ಮನ ಊರಿಗೆ ನೀರು ಬರುತ್ತದೋ ಇಲ್ಲವೋ ಎಂಬುದು ಆ ಮೂರು ವರ್ಷದ ಸೊನ್ನೆಗಳ ಮೇಲೆ ನಿಂತಿತ್ತು.

ವಿಚಾರಣೆಗೆ ಎಂಟು ದಿನ ಇರುವಾಗ ಕಂಪ್ಯೂಟರಿನ ಡಿಸ್ಕು ಟಕಟಕ ಸದ್ದು ಮಾಡಿ ಸತ್ತಿತು. ನಾವು ಹೆದರಲಿಲ್ಲ. ಅದೇ ಡಬ್ಬಿಯಲ್ಲಿ ಎರಡನೆಯ ಡಿಸ್ಕು ಇತ್ತು, ಅದರಲ್ಲೂ ಅದೇ ತುಂಡುಗಳಿದ್ದವು, ಶನಿವಾರಕ್ಕೊಮ್ಮೆ ಕಾಕಾ ಎಲ್ಲವನ್ನೂ ಅದಕ್ಕೆ ನಕಲು ಮಾಡಿಡುತ್ತಿದ್ದರು. ಯಾದಗಿರಿಯಿಂದ ಹೊಸ ಡಿಸ್ಕು ತರಿಸಿದೆವು. ಹೊಸದಕ್ಕೆ ಲಿನಕ್ಸ್ ಹಾಕಿ ನಕಲನ್ನು ಅದಕ್ಕೆ ಇಳಿಸಿಕೊಂಡರೆ ಮುಗಿಯಿತು. ಕಾಕಾ ತಂಗಿಯ ಮಗಳ ಮದುವೆಗೆ ಸುರಪುರಕ್ಕೆ ಹೊರಟಿದ್ದರು. ಹೋಗುವಾಗ, "ನಾ ಬರೂ ತನಕ ಆ ಡಬ್ಬಿಗಿ ಕೈ ಹಚ್ಚಬ್ಯಾಡ" ಎಂದರು. ನಾನು ಹೂಂ ಎಂದೆ.

ಹೂಂ ಎಂದು ಮಧ್ಯಾಹ್ನ ಊಟ ಮಾಡಿ ಬಂದು ಕೈ ಹಚ್ಚಿದೆ. ಬರುವಷ್ಟರಲ್ಲಿ ಎಲ್ಲ ಮಾಡಿಟ್ಟು ಕಾಕಾನಿಂದ ಶಹಬಾಸ್ ಅನ್ನಿಸಿಕೊಳ್ಳುವ ಆಸೆ. ಹೊಸ ಡಿಸ್ಕನ್ನು ಒಂದನೇ ಕೇಬಲ್ಲಿಗೆ ಹಚ್ಚಿದೆ, ನಕಲಿನ ಡಿಸ್ಕು ಎರಡನೆಯದರಲ್ಲಿತ್ತು. ಕಾಕಾ ಇದ್ದಿದ್ದರೆ ಮೊದಲು ನಕಲಿನ ಡಿಸ್ಕಿನ ಕೇಬಲ್ ಕಿತ್ತು ಮೇಜಿನ ಮೇಲೆ ಇಡುತ್ತಿದ್ದರು. ನನಗೆ ಅದು ಹೊಳೆಯಲಿಲ್ಲ. ಪರದೆಯಲ್ಲಿ ಎರಡು ಸಾಲು ಬಂದವು, ಎರಡೂ ಒಂದೇ ಅಳತೆಯ ಡಿಸ್ಕುಗಳು. ಕಾಲುವೆ ಕಚೇರಿಯಲ್ಲಿ ಕೂತು ಕೂತು ನನಗೊಂದು ನಂಬಿಕೆ ಬೆಳೆದಿತ್ತು: ಒಂದನೇ ನಂಬರು ಅಂದರೆ ಹೆಡ್, ಮೊದಲ ತೂಬು, ಅದರಲ್ಲಿ ಅನುಮಾನವಿಲ್ಲ. ಕಾಲುವೆಯಲ್ಲಿ ತೂಬುಗಳ ನಂಬರು ಎಂದೂ ಅದಲುಬದಲಾಗುವುದಿಲ್ಲ. ಕಂಪ್ಯೂಟರಿಗೆ ಅಂಥ ಕಟ್ಟುಪಾಡಿಲ್ಲ, ಯಾವ ಡಿಸ್ಕು ಮೊದಲು ಎಚ್ಚರವಾಯಿತೋ ಅದನ್ನು ಮೊದಲು ಬರೆಯುತ್ತದೆ. ನಾನು ಮೊದಲ ಸಾಲು ಆರಿಸಿ, ಇಡೀ ಡಿಸ್ಕು ಬಳಸು ಎಂದು ಒತ್ತಿದೆ. "ಬರೀಲ್ಯಾ?" ಎಂದು ಕೇಳುವವರು ಯಾರೂ ಇರಲಿಲ್ಲ.

ಫಾರ್ಮ್ಯಾಟಿನ ಪಟ್ಟಿ ನೂರಕ್ಕೆ ಮೂವತ್ತಮೂರಕ್ಕೆ ಬಂದಾಗ, ಮೇಲಿನ ಸಾಲಿನಲ್ಲಿ ಡಿಸ್ಕಿನ ಕಂಪನಿಯ ಹೆಸರು ಓದಿದೆ. ಹೊಸ ಡಿಸ್ಕಿನ ಕಂಪನಿ ಅದಲ್ಲ, ಅಳಿಯುತ್ತಿದ್ದದ್ದು ನಕಲಿನ ಡಿಸ್ಕು. ಗೋಡೆಯ ಪ್ಲಗ್ಗನ್ನೇ ಕಿತ್ತೆ. ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಯಾದಗಿರಿ ಬರುವ ತನಕ ಅತ್ತೆ.

ಎರಡು ದಿನ ಬಿಟ್ಟು ಬೆಳಿಗ್ಗೆ ಕಾಕಾ ಮದುವೆಯ ಲಾಡು ಹಿಡಿದುಕೊಂಡು ಬಂದರು. ಅದೇ ಬಸ್ಸಿನಿಂದ ನಿಂಗಮ್ಮನೂ ಇಳಿದು, ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಕಾಕಾನನ್ನು ಒಳಗೆ ಕರೆದು ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಲಾಡುವಿನ ಪೊಟ್ಟಣ ಮೇಜಿನ ಮೇಲಿಟ್ಟು, "ಎಷ್ಟಕ್ಕ ನಿಂದ್ರಿಸಿದಿ?" ಎಂದರು.

"ಮೂವತ್ತಮೂರಕ್ಕ."

"ಆಮ್ಯಾಲ ಚಾಲೂ ಮಾಡಿಯೇನು?"

"ಇಲ್ಲ ಕಾಕಾ. ಮುಟ್ಟಿಲ್ಲ."

ಅಳತೆ ಪುಸ್ತಕ ತೆಗೆದು ಆ ಡಿಸ್ಕಿನ ಗೆರೆ ಹುಡುಕಿದರು. ಅದರ ಮೇಲೆ ಬೆರಳು ಸರಿಸುತ್ತ ಒಂದು ಕಡೆ ನಿಂತರು. ಡಿಸ್ಕಿನ ಕಾಲು ಭಾಗದಿಂದ ಆಚೆ ಪೂರ್ತಿ ಹೋಮ್.

"ಹೆಡ್ ಹೋಗ್ಯದ. ಬದು ದಾಟಿ ಸ್ವಲ್ಪ ಒಳಗ ಬಂದದ. ಟೇಲ್ ಉಳದದ" ಎಂದರು. "ಬದು ಅಳಸಿದ್ರ ಮಣ್ಣು ಎಲ್ಲಿ ಹೋಗ್ತದ ತಂಗಿ? ಎಲ್ಲಿತ್ತೋ ಅಲ್ಲೇ ತಿರುಗಿ ಬದು ಹಾಕೂಣು."

ನನಗೆ ಹೋದ ಜೀವ ಬಂತು. ಬಂದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಏನೆಂದರೆ, "ಕಾಕಾ, ನಿಂಗಮ್ಮಗ ಹೇಳಬ್ಯಾಡ್ರಿ. ಸರಿ ಆದ ಮ್ಯಾಲ ಯಾಕ ಹೇಳಬೇಕು?" ಎಂದು ಬೇಡಿಕೊಂಡದ್ದು.

ಕಾಕಾ ನನ್ನನ್ನು ನೋಡಿದರು. "ಅದು ಆಕಿ ನೀರು. ಆಕಿಗಿ ಕೇಳದ ಹ್ಯಾಂಗ ಕೈ ಹಚ್ಚಬೇಕು?" ಎಂದು ಬಾಗಿಲಿಗೆ ಹೋಗಿ, "ನಿಂಗಮ್ಮ, ಒಳಗ ಬಾ" ಎಂದರು.

ಹೇಳುವ ಕೆಲಸ ನನಗೇ ಬಿಟ್ಟರು. ನಾನು ನೆಲ ನೋಡುತ್ತ ಹೇಳಿದೆ. ನಿಂಗಮ್ಮ ಪೂರ್ತಿ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, "ಮಳಿಯಾಗ ನಡದೀನಿ, ಜ್ವರದಾಗ ನಡದೀನಿ. ಒಂದು ಬಟನ್ ಒತ್ತಿ ಕಳದಿ ಏನವ್ವ?" ಎಂದಳು. ಆಕೆ ಕಾಕಾನ ಕಡೆ ತಿರುಗಿ, "ನಾ ಏನು ಮಾಡಬೇಕು ಹೇಳ್ರಿ" ಎಂದಳು.

"ನೀ ನಂಬರು ಓದಬೇಕು" ಎಂದರು ಕಾಕಾ.

ಮೊದಲು ನಾನು ಅಳಿಸಿದ ಡಿಸ್ಕಿನ ಪೂರ್ತಿ ನಕಲನ್ನು ಹೊಸದಕ್ಕೆ ತೆಗೆದರು, ಮೂಲಕ್ಕೆ ಮತ್ತೆ ಕೈ ತಾಗಬಾರದೆಂದು. ಅದಕ್ಕೆ ಮಧ್ಯಾಹ್ನವಾಯಿತು. ನಕಲು ಮುಗಿದ ಕೂಡಲೇ ಮೂಲದ ಕೇಬಲ್ ಕಿತ್ತು ಬೀರುವಿನಲ್ಲಿ ಬೀಗ ಹಾಕಿಟ್ಟರು. ಆಮೇಲೆ ನಿಂಗಮ್ಮ ಅಳತೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, ಗೇಜು ಓದುವ ಅದೇ ಗಟ್ಟಿ ದನಿಯಲ್ಲಿ ಹೋಮ್ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಒಂದೊಂದೇ ಅಂಕಿ ಓದಿದಳು. ಕಾಕಾ ತಿರುಗಿ ಹೇಳುತ್ತ ಒತ್ತಿದರು. ನಾನು ಪರದೆ ನೋಡಿ ಮೂರನೆಯ ಸಲ ಹೇಳಿದೆ.

"ಬರೀಲ್ಯಾ?" ಎಂದರು ಕಾಕಾ.

ನಿಂಗಮ್ಮ ನನ್ನ ಮುಖ ನೋಡಿದಳು, ಪರದೆ ನೋಡಿದಳು. "ಬರಿ" ಎಂದಳು.

ಹೊಸ ಬದುವಿನೊಳಗೆ ಹಳೆಯ ಹೋಮ್ ಇತ್ತು. ಅದರ ಶುರುವಿನ ಭಾಗಕ್ಕೆ ಪೆಟ್ಟಾಗಿದ್ದರಿಂದ ರಿಪೇರಿಯ ಆದೇಶ ಕೊಟ್ಟು, ಒಂದೊಂದು ಪ್ರಶ್ನೆಗೂ ಉತ್ತರ ಒತ್ತುತ್ತ ಸಂಜೆಯಾಯಿತು. ಕಚೇರಿಯ ಒಂದಿಷ್ಟು ಪತ್ರ ಹೋಗಿದ್ದವು. ನಿಂಗಮ್ಮನ ಮೂರು ವರ್ಷದಲ್ಲಿ ಒಂದು ಫೈಲು ಮಾತ್ರ ಹೋಗಿತ್ತು. ಎರಡನೆಯ ವರ್ಷದ ಹದಿನೈದು ದಿನ, ಗೆದ್ದಲು ತಿಂದ ವಹಿಯದು.

ಹದಿನೈದು ದಿನ ಏನು ಮಹಾ ಎಂದುಕೊಂಡೆ ನಾನು. ಹಿಂದಿನ ಪಾಳಿ ನೋಡಿ, ಮುಂದಿನ ಪಾಳಿ ನೋಡಿ, ಅದೇ ಸೊನ್ನೆ, ಒಂದು, ಎರಡು ಇಂಚು ಬರೆದರೆ ಸಾಕು. ನಿಂಗಮ್ಮನೂ, "ಬ್ಯಾಸಿಗಿ ದಿನ ಅವು, ಸೊನ್ನಿನೇ ಇದ್ದಿರಬೇಕು" ಎಂದಳು. ಟೈಪು ಮಾಡಲು ಕೈ ಎತ್ತಿದೆ.

"ನೀ ನೋಡೀಯೇನು?" ಎಂದರು ಕಾಕಾ, ನನಗೆ.

"ಇಲ್ಲ."

"ನಿನಗ ನೆಪ್ಪದಯೇನು?" ಎಂದರು, ನಿಂಗಮ್ಮನಿಗೆ.

"ಇಲ್ರಿ."

"ಹಂಗಾದ್ರ ಖಾಲಿ ಇರ್ಲಿ."

ನಾನು ವಾದ ಮಾಡಿದೆ. ಖಾಲಿ ಬಿಟ್ಟರೆ ಹೆಡ್‌ನವರು ಅದನ್ನೇ ಹಿಡಿದು ಎಲ್ಲವನ್ನೂ ತಳ್ಳಿಹಾಕುತ್ತಾರೆ, ಈಕೆಯ ಊರು ಹಾಳಾಗುತ್ತದೆ, ನಿಮ್ಮ ನೇಮದಿಂದ ಹೊಲಕ್ಕೆ ನೀರು ಬರುವುದಿಲ್ಲ ಎಂದೆಲ್ಲ ಕೂಗಾಡಿದೆ. ನಿಜ ಹೇಳಬೇಕೆಂದರೆ ನನ್ನ ತಪ್ಪು ಕಾಣದ ಹಾಗೆ ಆ ಜಾಗ ತುಂಬುವುದು ನನಗೆ ಬೇಕಿತ್ತು. ಕಾಕಾ ಪ್ರಿಂಟರಿಗೆ ಕಾಗದ ಹಾಕಿದರು. ಹದಿನೈದು ಸಾಲು ಬೆಳ್ಳಗೆ ಹೊರಬಂದವು.

ವಿಚಾರಣೆಯ ದಿನ ಕಚೇರಿಯ ದೊಡ್ಡ ಕೋಣೆ ತುಂಬಿತ್ತು. ಹೆಡ್‌ನ ಊರಿನ ಗೌಡರು ಮುಂದಿನ ಕುರ್ಚಿಯಲ್ಲಿದ್ದರು. ಟೇಲ್‌ನವರು ಗೋಡೆಗೆ ಒರಗಿ ನಿಂತಿದ್ದರು, ಅವರ ನಡುವೆ ನಿಂಗಮ್ಮ. ಮೇಲಿನ ಕಚೇರಿಯ ಸಾಹೇಬರು ನಮ್ಮ ಕಾಗದ ಕೈಗೆತ್ತಿಕೊಂಡ ಕೂಡಲೇ ಗೌಡರು, "ಕಂಪ್ಯೂಟರಿನ್ಯಾಗ ಏನು ಬೇಕಾದ್ರೂ ಬರೀಬಹುದ್ರಿ ಸಾಹೇಬ್ರ" ಎಂದರು. ಸಾಹೇಬರು ಹಾಳೆ ತಿರುವುತ್ತ ಹೋಗಿ ಒಂದು ಕಡೆ ನಿಂತರು.

"ಈ ಹದಿನೈದು ದಿನ ಯಾಕೆ ಖಾಲಿ?"

ನಮ್ಮ ಕಚೇರಿಯ ಸಾಹೇಬರು ಬೆವರು ಒರೆಸಿಕೊಂಡು ಕಾಕಾನ ಕಡೆ ನೋಡಿದರು. ಕಾಕಾ ಬಾಗಿಲ ಹತ್ತಿರ ನಿಂತಿದ್ದವರು ಒಂದು ಹೆಜ್ಜೆ ಮುಂದೆ ಬಂದರು.

"ಕಳದಾವ್ರಿ. ವಹಿ ಒರಲಿ ತಿಂದಾವ. ಕಂಪ್ಯೂಟರಿನ್ಯಾಗ ಇದ್ದದ್ದು ಅಳಸಿತ್ತು. ತಿರುಗಿ ಕಟ್ಟೀವಿ, ಇಷ್ಟು ಸಿಕ್ಕಿಲ್ರಿ."

ಕೋಣೆಯಲ್ಲಿ ಗದ್ದಲವಾಯಿತು. ಗೌಡರು ನಕ್ಕರು. ಸಾಹೇಬರು ಕೈ ಎತ್ತಿ ಸುಮ್ಮನಿರಿಸಿ, "ಅಂದಾಜಿನಲ್ಲಿ ತುಂಬಬಹುದಿತ್ತಲ್ಲ?" ಎಂದರು.

"ತುಂಬಬಹುದಿತ್ರಿ. ಆಮ್ಯಾಲ ಉಳದದ್ದನ್ನ ನಾನ ನಂಬತಿದ್ದಿಲ್ರಿ."

"ಅಳಿಸಿದ್ದು ಯಾರು?"

ಕಾಕಾ ಉತ್ತರಿಸಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ನಾನು ಕರಾರಿನವಳು, ಇಂಥದೊಂದು ಮಾತು ಸಾಕು ಮನೆಗೆ ಕಳಿಸಲು. ಆದರೂ ಆ ಬೆನ್ನು ಅಲ್ಲಿ ಅಷ್ಟು ನೆಟ್ಟಗೆ ನಿಂತಿರುವಾಗ ಸುಮ್ಮನಿರಲು ಆಗಲಿಲ್ಲ.

"ನಾನ್ರಿ ಸಾಹೇಬ್ರ. ಕಾಕಾ ಊರಾಗ ಇದ್ದಿಲ್ಲ. ಬ್ಯಾಡ ಅಂದಿದ್ರು. ನಾನ ಒತ್ತೀನಿ" ಎಂದೆ.

ಸಾಹೇಬರು ಅದನ್ನು ಬರೆದುಕೊಂಡರು. ಆಮೇಲೆ ಹೆಡ್‌ನ ತೂಬಿನ ರಿಜಿಸ್ಟರು ತರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು, ಮನಸ್ಸಿಗೆ ಬಂದ ತಾರೀಖುಗಳನ್ನು ಹೋಲಿಸತೊಡಗಿದರು. ಹೆಡ್‌ನಲ್ಲಿ ಪೂರ್ತಿ ನೀರು ಬಿಟ್ಟ ದಿನ ಟೇಲ್‌ನಲ್ಲಿ ಎರಡು ಇಂಚು, ಮರುದಿನ ಸೊನ್ನೆ. ಕಾಲುವೆ ಒಡೆದು ನೀರು ನಿಲ್ಲಿಸಿದ ವಾರ ಎರಡೂ ಕಡೆ ಸೊನ್ನೆ. ಒಂದು ಮಳೆಯ ದಿನ ಟೇಲ್‌ನಲ್ಲಿ ಅರ್ಧ ಅಡಿ, ಎದುರಿಗೆ ನಿಂಗಮ್ಮ ಹೇಳಿ ಬರೆಸಿದ 'ಮಳಿ ನೀರು, ಕಾಲುವಿದಲ್ಲ' ಎಂಬ ಮಾತು. ಸಾಹೇಬರು ಆ ಮಾತಿನ ಕೆಳಗೆ ಗೆರೆ ಎಳೆದರು.

"ಗೌಡರೇ, ಸುಳ್ಳು ಬರೆಯುವವರು ಖಾಲಿ ಜಾಗ ಬಿಡುವುದಿಲ್ಲ" ಎಂದರು. ಮುಂದಿನ ಹಂಗಾಮಿಗೆ ಹೆಡ್‌ನ ತೂಬುಗಳಿಗೆ ಬೀಗ ಹಾಕಿ, ಟೇಲ್ ತುಂಬಿದ ಮೇಲೆಯೇ ಒಂದೊಂದಾಗಿ ತೆರೆಯತಕ್ಕದ್ದು ಎಂದು ಅಲ್ಲೇ ಬರೆಸಿದರು.

ನನ್ನ ಕರಾರು ಮುಂದುವರಿಯಲಿಲ್ಲ. ಇದಕ್ಕೇ ಇರಬಹುದು, ಇಲ್ಲದಿರಬಹುದು, ಯಾರೂ ಹೇಳಲಿಲ್ಲ. ನಾನು ಸಿಟ್ಟಿನಿಂದ ಕಾಕಾನ ಬಳಿ ಹೋಗಿ, ನೀವು ಅವತ್ತು ಒಂದು ಮಾತು ಹೇಳಿ ನನ್ನನ್ನು ಉಳಿಸಬಹುದಿತ್ತು ಎಂದೆ. "ಉಳಸೀನಲ್ಲ ತಂಗಿ, ಹೇಳೂದು ನಿನಗ ಬಿಟ್ಟೀನಿ" ಎಂದರು. ಆಗ ತಿಳಿಯಲಿಲ್ಲ. ಈಗ ನಾನು ಯಾದಗಿರಿಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಪಾರ್ಟಿಷನ್ ಪಾಠದ ದಿನ ಇಬ್ಬಿಬ್ಬರನ್ನು ಕೂರಿಸಿ, ಜೋರಾಗಿ ಓದಿಸುತ್ತೇನೆ. ಹುಡುಗಿಯರು ನನ್ನ ಬೆನ್ನ ಹಿಂದೆ ನಗುತ್ತಾರೆ, ನಗಲಿ.

ಕಚೇರಿಯಲ್ಲಿ ನನ್ನ ಕೊನೆಯ ವಾರದಲ್ಲೇ ಹಂಗಾಮಿನ ನೀರು ಬಿಟ್ಟರು. ನಿಂಗಮ್ಮ ವಾರದ ಅಳತೆ ಹೇಳಲು ಬಂದವಳು ವಹಿ ಬಿಚ್ಚಲೇ ಇಲ್ಲ. "ಇವತ್ತು ಓದಾಕ ನಾ ಬಗ್ಗಲಿಲ್ರಿ ಕಾಕಾ, ನಿಂತಲ್ಲಿಂದನ ಕಾಣ್ತದ" ಎಂದಳು. ಕಾಕಾ ಅರ್ಧ ದಿನದ ರಜೆ ಬರೆದುಕೊಟ್ಟು ಆಕೆಯ ಜೊತೆ ಬಸ್ಸು ಹತ್ತಿದರು. ನಾನೂ ಹತ್ತಿದೆ, ಕೆಲಸ ಬಿಟ್ಟು ಹೋಗುವವಳಿಗೆ ಯಾರ ಅಪ್ಪಣೆ?

ಕೊನೆಯ ತೂಬಿನ ಹತ್ತಿರ ಕಾಕಾ ಚಪ್ಪಲಿ ಬಿಟ್ಟು, ಪ್ಯಾಂಟು ಮೊಣಕಾಲಿಗೆ ಮಡಚಿ, ಹೊಲಗಾಲುವೆಗೆ ಇಳಿದರು. "ಈ ಕಾಲುವಿ ಗುರುತು ಹಾಕಿದ ದಿನ ನಾ ಕೋಲು ಹಿಡದು ನಿಂತಿದ್ದು ಇಲ್ಲೇ. ಆವಾಗ ಮಣ್ಣಿತ್ತು. ಇಷ್ಟು ವರ್ಷದಾಗ ಇಲ್ಲಿ ನೀರು ನೋಡಿದ್ದಿಲ್ಲ" ಎಂದರು. ಕೆಂಪು ನೀರು ಅವರ ಕಾಲುಗಳನ್ನು ಸುತ್ತಿ ಏರುತ್ತಿತ್ತು, ಅವರು ಅಲ್ಲಾಡದೆ ನಿಂತಿದ್ದರು. ನನಗೆ ಅವರನ್ನು ನೋಡಿ ಅಳು ಬಂತು, ಜೊತೆಗೆ ಬಹಳ ಸಂತೋಷವೂ ಆಯಿತು.

ನಿಂಗಮ್ಮ ದಂಡೆಯ ಮೇಲೆ ಸಲಿಕೆ ಹಿಡಿದು ಸ್ವಲ್ಪ ಹೊತ್ತು ಕಾದಳು. ಆಮೇಲೆ, "ಕಾಕಾ, ಬಾಜೂಕ ಸರೀರಿ. ನೀವು ಹಿಂಗ ನಿಂತ್ರ ನೀರು ಹೊಲಕ್ಕ ಹ್ಯಾಂಗ ಹೋಗಬೇಕು?" ಎಂದಳು.

ಕಾಕಾ ನಕ್ಕು ಪಕ್ಕಕ್ಕೆ ಸರಿದರು. ನೀರು ಹೊಲಕ್ಕೆ ಹೋಯಿತು.